ಸೋಣ ತಿಂಗಳ ಕಡಲಲ್ಲಿ ಯಾವ ಹಕ್ಕಿ ಎಲ್ಲಿಗೆ ಹೊರಟಿದೆ?

ಬೆಳಿಗ್ಗೆ ಆರೂವರೆಗೆ ಕಾಪು ಬೀಚಿನಲ್ಲಿ ಕೊಡೆ, ಬೈನಾಕ್ಯುಲರ್, ಫ್ಲಾಸ್ಕಿನಲ್ಲಿ ಚಹಾ ಇಟ್ಟುಕೊಂಡು ಪಡುವಣಕ್ಕೆ ಮುಖ ಮಾಡಿ ಕೂತರೆ, ವಾಕಿಂಗ್ ಬಂದವರಲ್ಲಿ ಒಬ್ಬರಾದರೂ ಹತ್ತಿರ ಬಂದು ಕೇಳುತ್ತಾರೆ. "ಎಂತ ಮಾರಾಯ್ರೆ, ಬೋಟು ಬರ್ಲಿಕ್ಕೆ ಉಂಟಾ?" ಇಲ್ಲ, ಹಕ್ಕಿ ನೋಡ್ತಾ ಇದ್ದೇನೆ ಅಂದರೆ ಅವರು ಒಮ್ಮೆ ಕಡಲು ನೋಡುತ್ತಾರೆ, ಒಮ್ಮೆ ನನ್ನ ಮುಖ ನೋಡುತ್ತಾರೆ. ಕಡಲಲ್ಲಿ ತೆರೆ ಬಿಟ್ಟರೆ ಎಂತದ್ದೂ ಇಲ್ಲ.

ಅವರ ತಪ್ಪಲ್ಲ. ನಾನೂ ಮೊದಲ ಎರಡು ವರ್ಷ ಹೀಗೇ ಖಾಲಿ ಕಡಲು ನೋಡಿ ಪ್ಯಾಂಟಿನ ಮರಳು ಕೊಡವಿ ಎದ್ದು ಬಂದವನು. ಪುಸ್ತಕದಲ್ಲಿ ಕಡಲ ಹಕ್ಕಿಗಳ ಪುಟ ತೆಗೆದರೆ ಕಂದು, ಬೂದು, ಕಪ್ಪು ಅಂತ ಒಂದರ ಹಾಗೆ ಇನ್ನೊಂದು ಇರುವ ಇಪ್ಪತ್ತು ಮೂವತ್ತು ಚಿತ್ರ. ಎದುರಿಗೆ ನೋಡಿದರೆ ಒಂದು ಕಿಲೋಮೀಟರ್ ದೂರದಲ್ಲಿ ತೆರೆಯ ಮೇಲೆ ಒಂದು ಚುಕ್ಕೆ ಎದ್ದು ಮತ್ತೆ ಮಾಯ. ಆ ಚುಕ್ಕೆಯನ್ನು ಈ ಚಿತ್ರಕ್ಕೆ ಹೊಂದಿಸಲು ಹೋದರೆ ತಲೆ ಕೆಡುವುದೇ ಸರಿ. ಹೆಸರು ಆಮೇಲೆ ನೋಡಿಕೊಳ್ಳೋಣ. ಮೊದಲು ಅದು ಎಲ್ಲಿಂದ ಬಂತು, ಯಾವ ಕಡೆಗೆ ಹೊರಟಿದೆ ಅಂತ ಕೇಳಿ. ಅದು ಗೊತ್ತಾದರೆ ಮೂವತ್ತು ಚಿತ್ರ ಐದಾರಕ್ಕೆ ಇಳಿಯುತ್ತದೆ.

ಹಕ್ಕಿ ನೋಡುವವರು ಈ ಕಾಲವನ್ನು ಶರತ್ಕಾಲದ ವಲಸೆ ಅನ್ನುತ್ತಾರೆ. ಆ ಲೆಕ್ಕ ಚಳಿದೇಶದವರದ್ದು. ನಮ್ಮ ತುಳು ತಿಂಗಳ ಲೆಕ್ಕದಲ್ಲಿ ಆಟಿ ಮುಗಿದು ಸೋಣ ಬರುತ್ತದೆ, ಮಳೆ ಬಿಟ್ಟು ಬಿಟ್ಟು ಹೊಡೆಯುತ್ತದೆ, ಮುಂದೆ ನಿರ್ನಾಲ, ಬೊಂತೆಲ್. ಅಂದಾಜಿಗೆ ಆಗಸ್ಟ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಅಂತ ಇಟ್ಟುಕೊಳ್ಳಿ. ಉತ್ತರದ ದೇಶಗಳಿಗೆ ಇದು ಚಳಿ ಶುರುವಾಗುವ ಹೊತ್ತು. ಆದರೆ ಭೂಮಧ್ಯರೇಖೆಯ ಕೆಳಗೆ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಕಡೆಗೆ, ಇದೇ ಹೊತ್ತಿಗೆ ವಸಂತ ಶುರು. ಹಾಗಾಗಿ ಒಂದೇ ವಾರದಲ್ಲಿ, ಒಂದೇ ಕಡಲಲ್ಲಿ, ಕೆಲವು ಹಕ್ಕಿ ಚಳಿ ತಪ್ಪಿಸಿಕೊಂಡು ಇಲ್ಲಿಗೆ ಬರುತ್ತಿರುತ್ತವೆ, ಇನ್ನು ಕೆಲವು ಮೊಟ್ಟೆ ಇಡುವ ಅವಸರದಲ್ಲಿ ಇಲ್ಲಿಂದ ಹೊರಟಿರುತ್ತವೆ. ಪಡುಬಿದ್ರಿ ಜಂಕ್ಷನ್ನಿನಲ್ಲಿ ನಾಲ್ಕೂ ಕಡೆಯ ಬಸ್ಸು ಒಟ್ಟಿಗೆ ನಿಂತ ಹಾಗೆ. ಬೋರ್ಡು ಓದದೆ ಹತ್ತಿದರೆ ಗೊಂದಲ.

ಇವೆಲ್ಲ ಅರಬ್ಬಿ ಸಮುದ್ರಕ್ಕೇ ಯಾಕೆ ಬರಬೇಕು? ಊಟಕ್ಕೆ. ಮಳೆಗಾಲದ ಗಾಳಿ ದಡದ ಉದ್ದಕ್ಕೂ ಬೀಸುವಾಗ ಭೂಮಿ ತಿರುಗುವುದರಿಂದಾಗಿ ಮೇಲಿನ ನೀರು ದಡ ಬಿಟ್ಟು ಹೊರಗೆ ಸರಿಯುತ್ತದೆ. ಆ ಜಾಗ ತುಂಬಲು ಕೆಳಗಿನ ತಣ್ಣನೆಯ ನೀರು ಮೇಲೆ ಬರುತ್ತದೆ. ಬರುವಾಗ ತಳದಲ್ಲಿ ಕೂತಿದ್ದ ಗೊಬ್ಬರವನ್ನೂ ತರುತ್ತದೆ. ಬಿಸಿಲು ಸಿಕ್ಕಿದ ಕೂಡಲೇ ಕಣ್ಣಿಗೆ ಕಾಣದ ಸಣ್ಣ ಪಾಚಿ ಬೆಳೆಯುತ್ತದೆ, ಅದನ್ನು ತಿನ್ನಲು ಸಣ್ಣ ಹುಳುಗಳು, ಅವನ್ನು ತಿನ್ನಲು ಬೂತಾಯಿ, ಕೊಲ್ಲತರು ಮೀನು. ಸೊಮಾಲಿಯಾ, ಒಮಾನ್ ದಡದಲ್ಲಿ ಇದು ಭಾರೀ ಜೋರು, ನಮ್ಮ ಕಡೆ ಅದಕ್ಕಿಂತ ಕಡಿಮೆ, ಆದರೂ ಉಂಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಆಗಸ್ಟಿನಲ್ಲಿ ಬೋಟುಗಳು ಇಳಿಯುತ್ತವೆ, ನೂಲ ಹುಣ್ಣಿಮೆಯ ಸಮುದ್ರ ಪೂಜೆಗೆ ಕಾಯುವವರೂ ಇದ್ದಾರೆ. ನಮ್ಮ ಮೀನುಗಾರರು ಯಾವ ಮೀನಿಗಾಗಿ ಹೋಗುತ್ತಾರೋ ಹಕ್ಕಿಯೂ ಅದೇ ಮೀನಿನ ಹಿಂದೆ ಬಂದದ್ದು. ಇಬ್ಬರ ಕ್ಯಾಲೆಂಡರ್ ಒಂದೇ ಆಗಿರುವುದು ಆಶ್ಚರ್ಯ ಏನಲ್ಲ ಬಿಡಿ.

ಈಗ ಹೊರಟವರನ್ನು ಮೊದಲು ನೋಡೋಣ, ಯಾಕೆಂದರೆ ನನಗೆ ಇವರ ಮೇಲೆ ಪ್ರೀತಿ ಜಾಸ್ತಿ.

ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಅಂತ ಒಂದು ಹಕ್ಕಿ ಇದೆ. ತೂಕ 35ರಿಂದ 40 ಗ್ರಾಂ, ಅಂದರೆ ಒಂದು ದೊಡ್ಡ ಗೋಳಿಬಜೆಯಷ್ಟು. ಮೈಯೆಲ್ಲ ಮಸಿ ಕಪ್ಪು, ಬಾಲದ ಬುಡದಲ್ಲಿ ಮಾತ್ರ ಬಿಳಿ ಪಟ್ಟಿ. ಇದು ಮರಿ ಮಾಡುವುದು ಅಂಟಾರ್ಕ್ಟಿಕಾದ ದಡದಲ್ಲಿ ಮತ್ತು ಅದರ ಸುತ್ತಲಿನ ದ್ವೀಪಗಳ ಕಲ್ಲುಸಂದಿಯಲ್ಲಿ. ಅಲ್ಲಿ ಚಳಿಗಾಲ ಬಂದಾಗ ಹೊರಟು ಉತ್ತರದ ಕಡಲುಗಳಿಗೆ ಬರುತ್ತದೆ. ಅಲ್ಲಿನ ಚಳಿಗಾಲ ಅಂದರೆ ನಮ್ಮ ಮಳೆಗಾಲ. ಅಂಟಾರ್ಕ್ಟಿಕಾದ ದಡದಿಂದ ಮಲ್ಪೆಗೆ ನೇರ ಗೆರೆ ಎಳೆದರೂ 8000 ಕಿ.ಮೀ. ಮೀರುತ್ತದೆ, ಮತ್ತು ಹಕ್ಕಿ ನೇರ ಗೆರೆಯಲ್ಲಿ ಹಾರುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅದು ವಾಪಸ್ ಹೊರಡುತ್ತದೆ. ಹಾರುವ ರೀತಿ ಒಮ್ಮೆ ನೋಡಿದರೆ ಮರೆಯುವುದಿಲ್ಲ. ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆ ಮೇಲೆ ಹಿಡಿದು, ಉದ್ದ ಕಾಲು ಇಳಿಬಿಟ್ಟು, ತೆರೆಯ ಮೇಲೆ ಕುಣಿದ ಹಾಗೆ ಹೆಜ್ಜೆ ಹಾಕುತ್ತದೆ. ನಡೆಯುತ್ತಿದೆ ಅಂತಲೇ ಅನಿಸುತ್ತದೆ. ನಿಜವಾಗಿ ಗಾಳಿಗೆ ರೆಕ್ಕೆ ಕೊಟ್ಟು, ಕಾಲನ್ನು ನೀರಲ್ಲಿ ಊರಿ ಗಾಳಿಪಟದ ದಾರದ ಹಾಗೆ ಬಳಸಿಕೊಂಡು, ನಿಂತಲ್ಲೇ ನಿಂತು ಸಣ್ಣ ಸಣ್ಣ ಹುಳು ಹೆಕ್ಕುತ್ತಿರುತ್ತದೆ.

ಇದರ ಮೂಗಿನ ಬಗ್ಗೆಯೂ ಒಂದು ಮಾತು. ಕೊಕ್ಕಿನ ಮೇಲೆ ಒಂದು ಕೊಳವೆ ಇದೆ, ಅದೇ ಮೂಗು. ಪಾಚಿಯನ್ನು ಸಣ್ಣ ಹುಳುಗಳು ಮೇಯುವಾಗ ಡೈಮೀಥೈಲ್ ಸಲ್ಫೈಡ್ ಅನ್ನುವ ಅನಿಲ ಹೊರಬರುತ್ತದೆ, ನಾವು ಕಡಲ ವಾಸನೆ ಅನ್ನುತ್ತೇವಲ್ಲ, ಅದರಲ್ಲಿ ಇದರದ್ದೂ ಪಾಲು ಇದೆ. ಈ ಜಾತಿಯ ಹಕ್ಕಿಗಳು ಆ ವಾಸನೆ ಹಿಡಿದು ಊಟ ಇರುವ ಜಾಗಕ್ಕೆ ಬರುತ್ತವೆ. ಕುಡಿಯುವುದು ಉಪ್ಪುನೀರೇ. ಜಾಸ್ತಿಯಾದ ಉಪ್ಪನ್ನು ಕಣ್ಣಿನ ಮೇಲಿರುವ ಗ್ರಂಥಿ ಸೋಸುತ್ತದೆ, ಅದು ಮೂಗಿನಿಂದ ಹನಿಹನಿಯಾಗಿ ಹೋಗುತ್ತದೆ.

ಇದೇ ಬಳಗದ ದೊಡ್ಡಣ್ಣ ಶಿಯರ್‌ವಾಟರ್. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಫ್ಲೆಶ್-ಫೂಟೆಡ್ ಶಿಯರ್‌ವಾಟರ್. ಮೈಯೆಲ್ಲ ಗಾಢ ಕಂದು, ಕೊಕ್ಕು ಮಾತ್ರ ತಿಳಿ ಬಣ್ಣ, ತುದಿ ಕಪ್ಪು. ಇದರ ಮನೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ದ್ವೀಪಗಳು. ಮೊಟ್ಟೆ ಇಡುವ ವಯಸ್ಸಿನವು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅಲ್ಲಿಗೆ ತಲುಪಲು ಶುರು ಮಾಡುತ್ತವೆ, ಎಳೆಯವು ಇಲ್ಲೇ ಅಡ್ಡಾಡುತ್ತಾ ಉಳಿಯುತ್ತವೆ. ರೆಕ್ಕೆಯನ್ನು ಹಲಗೆಯ ಹಾಗೆ ಬಿಗಿಯಾಗಿ ಹಿಡಿದು ತೇಲುವುದು ಇದರ ಗುರುತು. ನಾಲ್ಕು ಬಾರಿ ಬಡಿಯುತ್ತದೆ, ಆಮೇಲೆ ತುಂಬಾ ಹೊತ್ತು ಸುಮ್ನೆ ತೇಲುತ್ತದೆ. ತೆರೆಯ ಹತ್ತಿರ ಗಾಳಿ ನಿಧಾನ, ಮೇಲೆ ಹೋದಂತೆ ಜೋರು. ಆ ವ್ಯತ್ಯಾಸದಲ್ಲಿ ಏರಿ ಇಳಿದು ಏರಿ ಇಳಿದು, ರೆಕ್ಕೆ ಬಡಿಯದೆ ಮುಂದೆ ಹೋಗುತ್ತದೆ. ಇದಕ್ಕಿಂತ ಸಣ್ಣದು, ಹೊಟ್ಟೆ ಬಿಳಿ ಇರುವುದು ಕಂಡರೆ ಅದು ಪರ್ಷಿಯನ್ ಶಿಯರ್‌ವಾಟರ್ ಇರಬಹುದು. ಅದು ಅರಬ್ಬಿ ಸಮುದ್ರದ್ದೇ ಹಕ್ಕಿ, ಒಮಾನ್ ದಡದ ದ್ವೀಪಗಳಲ್ಲಿ, ಸೊಕೊಟ್ರಾದಲ್ಲಿ ಮರಿ ಮಾಡುವಂಥದ್ದು.

ಇನ್ನು ಉತ್ತರದಿಂದ ಬರುವವರು. ಇದರಲ್ಲಿ ರೌಡಿ ಅಂದರೆ ಸ್ಕುವಾ. ಮರಿ ಮಾಡುವುದು ಉತ್ತರ ಧ್ರುವದ ಹತ್ತಿರದ ಬಯಲಲ್ಲಿ. ಅಲ್ಲಿ ಪೊಮರಿನ್ ಸ್ಕುವಾಕ್ಕೆ ಲೆಮ್ಮಿಂಗ್ ಅನ್ನುವ ಇಲಿಯಂಥ ಪ್ರಾಣಿ ಮುಖ್ಯ ಊಟ. ಕಡಲಿಗೆ ಬಂದ ಮೇಲೆ ಸ್ಕುವಾಗಳು ಬೇರೆಯವರ ಊಟಕ್ಕೆ ಕೈ ಹಾಕುತ್ತವೆ. ಟರ್ನ್ ಅನ್ನುವ ಹಕ್ಕಿ ಒಂದು ಮೀನು ಹಿಡಿದು ಹೊರಟರೆ ಹಿಂದಿನಿಂದ ಬಂದು, ಬೆನ್ನಟ್ಟಿ, ಎಡಕ್ಕೆ ತಿರುಗಿದರೆ ಎಡಕ್ಕೆ, ಮೇಲಕ್ಕೆ ಹೋದರೆ ಮೇಲಕ್ಕೆ, ಆ ಬಡಪಾಯಿ ಬಾಯಲ್ಲಿದ್ದದ್ದನ್ನು ಬಿಡುವವರೆಗೆ, ಕೆಲವೊಮ್ಮೆ ನುಂಗಿದ್ದನ್ನೂ ಕಾರುವವರೆಗೆ ಬಿಡುವುದಿಲ್ಲ. ಬಿದ್ದದ್ದು ನೀರು ಮುಟ್ಟುವ ಮೊದಲೇ ಬಾಯಿಗೆ. ದೂರದಿಂದ ಸ್ಕುವಾ ಗುರುತಿಸಲು ಈ ಜಗಳವೇ ಒಳ್ಳೆಯ ದಾರಿ. ಜೊತೆಗೆ ಗಾಢ ಬಣ್ಣದ ರೆಕ್ಕೆಯ ತುದಿಯ ಹತ್ತಿರ ಬಿಳಿ ಮಿಂಚು. ಅಷ್ಟು ಕಂಡರೆ ಸಾಕು, ಸ್ಕುವಾ ಅಂತ ಬರೆಯಬಹುದು. ಯಾವ ಸ್ಕುವಾ ಅನ್ನುವುದು ಬೇರೆ ಮಾತು. ಬೆಳೆದ ಪೊಮರಿನ್‌ಗೆ ಬಾಲದ ನಡುಗರಿ ಚಮಚದ ಹಾಗೆ ಇರುತ್ತದೆ, ಆದರೆ ಎಳೆಯ ಹಕ್ಕಿಗೆ ಆ ಚಮಚವೇ ಇಲ್ಲ.

ಮತ್ತೊಬ್ಬಳು ಕೆಂಪು ಕತ್ತಿನ ಫಾಲರೋಪ್. "ಒಬ್ಬಳು" ಅಂತ ಬೇಕಂತಲೇ ಬರೆದೆ. ಈ ಹಕ್ಕಿಯಲ್ಲಿ ಹೆಣ್ಣಿಗೇ ಬಣ್ಣ ಜಾಸ್ತಿ, ಕಾವು ಕೂರುವುದು, ಮರಿ ನೋಡಿಕೊಳ್ಳುವುದು ಗಂಡಿನ ಕೆಲಸ. ನಮ್ಮ ಗದ್ದೆಗಳಲ್ಲಿ ಕಾಣುವ ಗೊರವದ ನೆಂಟ ಇದು. ಆದರೆ ಚಳಿಗಾಲವನ್ನು ಕೆಸರಲ್ಲಿ ಕಳೆಯದೆ ನಡುಕಡಲಲ್ಲಿ, ನೀರಿನ ಮೇಲೆ ತೇಲಿಕೊಂಡೇ ಕಳೆಯುತ್ತದೆ. ಲೋಕದಲ್ಲಿ ಇವು ಚಳಿಗಾಲ ಕಳೆಯುವ ದೊಡ್ಡ ಜಾಗಗಳಲ್ಲಿ ಅರಬ್ಬಿ ಸಮುದ್ರ ಒಂದು. ನೀರಲ್ಲಿ ಕೂತು ಬುಗುರಿಯ ಹಾಗೆ ಗರಗರ ತಿರುಗುತ್ತದೆ. ತಿರುಗಿದಾಗ ನೀರಲ್ಲಿ ಸುಳಿ ಎದ್ದು ಕೆಳಗಿನ ಸಣ್ಣ ಜೀವಿಗಳು ಮೇಲೆ ಬರುತ್ತವೆ, ಇದು ಟಕಟಕ ಅಂತ ಹೆಕ್ಕುತ್ತದೆ. ದಡದಿಂದ ಇದು ಸಿಗುವುದು ಅಪರೂಪ, ಬೋಟಿನಲ್ಲಿ ಹೋದರೆ ಗುಂಪು ಗುಂಪಾಗಿ ಸಿಗಬಹುದು.

ಮೂರನೆಯವರು ಅಷ್ಟು ದೂರದವರಲ್ಲ, ಈ ಕಡಲ ಸುತ್ತಮುತ್ತಲಿನವರು. ಟರ್ನ್ ಅಂದರೆ ಕನ್ನಡದಲ್ಲಿ ರೀವ. ಅದರಲ್ಲಿ ಬ್ರೈಡಲ್ಡ್ ಟರ್ನ್ ಸೋಣದ ಹಕ್ಕಿ. ಬೆನ್ನು ಗಾಢ ಬೂದುಕಂದು, ಹೊಟ್ಟೆ ಬಿಳಿ, ಹಣೆಯ ಬಿಳಿ ಪಟ್ಟಿ ಕಣ್ಣು ದಾಟಿ ಹಿಂದೆ ಹೋಗಿರುತ್ತದೆ. ಪರ್ಷಿಯನ್ ಕೊಲ್ಲಿಯ ದ್ವೀಪಗಳಲ್ಲಿ ಮರಿ ಮಾಡುತ್ತದೆ, ನಮ್ಮ ಹತ್ತಿರವೇ ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳಲ್ಲೂ ಮಾಡುತ್ತದೆ. ಮರಿ ಮಾಡಿ ಮುಗಿದ ಮೇಲೆ ದಕ್ಷಿಣಕ್ಕೆ ಹೊರಡುತ್ತವೆ. ಶ್ರೀಲಂಕಾದ ಪಡುವಣ ದಡದಲ್ಲಿ ಇವು ಸಾವಿರಗಟ್ಟಲೆ ದಕ್ಷಿಣಕ್ಕೆ ಹಾದು ಹೋಗುವುದನ್ನು ಅಲ್ಲಿನವರು ಬಹಳ ವರ್ಷದಿಂದ ದಾಖಲಿಸಿದ್ದಾರೆ. ತೇಲುವ ವಸ್ತು ಕಂಡರೆ ಇದಕ್ಕೆ ಕೂರಬೇಕು. ಮರದ ತುಂಡು, ತೆಂಗಿನ ಗರಿ, ಬಲೆಯಿಂದ ಬಿಟ್ಟುಹೋದ ಥರ್ಮಾಕೋಲ್ ತುಂಡು, ಯಾವುದಾದರೂ ಆದೀತು. ಹಾಗಾಗಿ ಕಡಲಲ್ಲಿ ಕಸ ಕಂಡರೆ ಒಮ್ಮೆ ಬೈದು, ಆಮೇಲೆ ಅದರ ಮೇಲೆ ಯಾರಾದರೂ ಕೂತಿದ್ದಾರಾ ಅಂತ ನೋಡುವುದು ನನಗೆ ಅಭ್ಯಾಸ ಆಗಿದೆ.

ದಡದ ಹತ್ತಿರ ಜಾಸ್ತಿ ಸಿಗುವ ಟರ್ನ್‌ಗಳನ್ನು ಕೊಕ್ಕು ನೋಡಿ ಹೇಳಬಹುದು. ತಲೆಯ ಹಿಂದೆ ಕೆದರಿದ ಕಪ್ಪು ಜುಟ್ಟು ಇದ್ದು ಕೊಕ್ಕು ಹಳದಿ ಇದ್ದರೆ ಗ್ರೇಟರ್ ಕ್ರೆಸ್ಟೆಡ್. ಸ್ವಲ್ಪ ಸಣ್ಣದು, ಕೊಕ್ಕು ಕಿತ್ತಳೆ ಬಣ್ಣ ಇದ್ದರೆ ಲೆಸ್ಸರ್ ಕ್ರೆಸ್ಟೆಡ್. ಕೊಕ್ಕು ಕಪ್ಪು, ತುದಿಗೆ ಮಾತ್ರ ಹಳದಿ ಅದ್ದಿ ತೆಗೆದ ಹಾಗೆ ಇದ್ದರೆ ಸ್ಯಾಂಡ್‌ವಿಚ್ ಟರ್ನ್. ಸ್ಯಾಂಡ್‌ವಿಚ್ ಅನ್ನುವುದು ಇಂಗ್ಲೆಂಡಿನ ಒಂದು ಊರಿನ ಹೆಸರು, ತಿನ್ನುವ ಸ್ಯಾಂಡ್‌ವಿಚ್ ಅಲ್ಲ.

ಸರಿ, ಇಷ್ಟೆಲ್ಲ ಹಕ್ಕಿ ಇದ್ದರೆ ದಡದಿಂದ ಯಾಕೆ ಕಾಣುವುದಿಲ್ಲ? ಭೂಮಿ ಉರುಟು. ನೀರಿನ ಅಂಚಿನಲ್ಲಿ ನಿಂತ ಮನುಷ್ಯನಿಗೆ ಕಾಣುವ ಕಡಲು ನಾಲ್ಕೂವರೆ ಕಿ.ಮೀ. ಮಾತ್ರ. ಐದು ಮೀಟರ್ ಎತ್ತರದ ಬಂಡೆ ಹತ್ತಿದರೆ ಸುಮಾರು 9 ಕಿ.ಮೀ. ಕಾಪುವಿನ ದೀಪಸ್ತಂಭ 27 ಮೀಟರ್ ಎತ್ತರ, 1901ರಲ್ಲಿ ಕಟ್ಟಿದ್ದು, ಅದರ ಮೇಲಿಂದ 18 ಕಿ.ಮೀ. ದಾಟುತ್ತದೆ. ಆದರೆ ಅದು ಜನರಿಗೆ ತೆರೆಯುವುದು ಸಂಜೆ. ನಮ್ಮ ಕರಾವಳಿ ಪಡುವಣಕ್ಕೆ ಮುಖ ಮಾಡಿದ್ದು, ಸಂಜೆ ಸೂರ್ಯ ಸೀದಾ ಕಣ್ಣಿಗೆ ಹೊಡೆಯುತ್ತಾನೆ, ಎಲ್ಲ ಹಕ್ಕಿಯೂ ಕಪ್ಪು. ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ. ಹಾಗಾಗಿ ಬೆಳಿಗ್ಗೆ, ಬುಡದ ಬಂಡೆಯ ಮೇಲೇ ಕೂರುವುದು ವಾಸಿ. ಎತ್ತರ ಸಿಕ್ಕಿದರೂ 18 ಕಿ.ಮೀ. ದೂರದ ಪೆಟ್ರೆಲ್ ಯಾರಿಗೂ ಕಾಣುವುದಿಲ್ಲ. ಎತ್ತರದ ಲಾಭ ಬೇರೆ. ಹಕ್ಕಿ ತೆರೆಯ ಹಿಂದೆ ಅಡಗುವುದು ಕಡಿಮೆಯಾಗುತ್ತದೆ.

ಎತ್ತರಕ್ಕಿಂತ ಮುಖ್ಯವಾದದ್ದು ಗಾಳಿ. ಕಡಲ ಹಕ್ಕಿಗೆ ದಡ ಅಂದರೆ ಅಪಾಯ, ಅದು ತಾನಾಗಿ ಹತ್ತಿರ ಬರುವುದಿಲ್ಲ, ಗಾಳಿ ತಳ್ಳಿದರೆ ಬರುತ್ತದೆ. ರಾತ್ರಿಯಿಡೀ ಪಡುವಣ ಗಾಳಿ ಬೀಸಿ, ಮಳೆ ಹೊಡೆದು, ಬೆಳಿಗ್ಗೆ ಸ್ವಲ್ಪ ಬೆಳಕಾದರೆ ಅವತ್ತು ಆಫೀಸಿಗೆ ತಡವಾದರೂ ಪರವಾಗಿಲ್ಲ, ಹೋಗಬೇಕು. ಅಕ್ಟೋಬರ್ ಮಧ್ಯದಲ್ಲಿ ಮಳೆಗಾಲ ಹಿಂದೆ ಸರಿದ ಮೇಲೆ ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ ಬೀಸುತ್ತದೆ, ಕಡಲು ಕನ್ನಡಿಯ ಹಾಗೆ ಇರುತ್ತದೆ, ಫೋಟೋಕ್ಕೆ ಬಹಳ ಚಂದ, ಹಕ್ಕಿ ಮಾತ್ರ ಇಲ್ಲ.

ಕೂತ ಮೇಲೆ ಮಾಡುವುದು ಇಷ್ಟೇ. ಬೈನಾಕ್ಯುಲರ್ ಆದರೆ 8x42, ಸ್ಪಾಟಿಂಗ್ ಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು. ಕಡಲು ಆಕಾಶ ಸೇರುವ ಗೆರೆಯನ್ನು ನೋಟದ ನಡುವೆ ಇಟ್ಟು, ನಿಧಾನಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ. ಬೋಟು ಕಂಡರೆ ಅಲ್ಲಿ ಎರಡು ನಿಮಿಷ ನಿಲ್ಲಿ. ಬಲೆ ಎಳೆಯುವ ಟ್ರಾಲ್ ಬೋಟಿನ ಹಿಂದೆ ಚೆಲ್ಲಿದ ಸಣ್ಣ ಮೀನಿಗೆ ಟರ್ನ್ ಬರುತ್ತದೆ, ಟರ್ನ್ ಹಿಂದೆ ಸ್ಕುವಾ ಬರುತ್ತದೆ. ದಿಕ್ಕು ಬರೆದುಕೊಳ್ಳಿ. ಪಡುವಣಕ್ಕೆ ಮುಖ ಮಾಡಿ ಕೂತಾಗ ಎಡಗಡೆ ದಕ್ಷಿಣ. ಹಾಗಾಗಿ ಬಲದಿಂದ ಎಡಕ್ಕೆ ಹೋದದ್ದು ಮಂಗಳೂರು, ಕೇರಳದ ಕಡೆಗೆ ಹೋಯಿತು. ಎಡದಿಂದ ಬಲಕ್ಕೆ ಹೋದದ್ದು ಕುಂದಾಪುರದ ಕಡೆಗೆ. ಮೇಯುತ್ತಿರುವ ಹಕ್ಕಿ ಎರಡೂ ಕಡೆಗೆ ಓಡಾಡುತ್ತದೆ. ಆದರೆ ಕಾಲು ಗಂಟೆಯಲ್ಲಿ ಮೂವತ್ತು ಬ್ರೈಡಲ್ಡ್ ಟರ್ನ್ ಒಂದರ ಹಿಂದೆ ಒಂದು ಬಲದಿಂದ ಎಡಕ್ಕೆ, ಬಗ್ಗಿ ನೋಡದೆ ಹೋದರೆ, ಅದು ವಲಸೆ. ಈ ಲೆಕ್ಕವನ್ನು ಹಕ್ಕಿ ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕುವಾಗ ಗುರುತು ಸಿಗದ್ದನ್ನು "ಸ್ಕುವಾ, ಜಾತಿ ಗೊತ್ತಿಲ್ಲ" ಅಂತಲೇ ಹಾಕಿ. ನಾಚಿಕೆ ಏನಿಲ್ಲ, ನನ್ನ ಪಟ್ಟಿಯಲ್ಲಿ ಅಂಥವೇ ಜಾಸ್ತಿ.

ಜಾಗ? ಸುರತ್ಕಲ್ ದೀಪಸ್ತಂಭದ ಕೆಳಗಿನ ಬಂಡೆ ಒಳ್ಳೆಯದು. ಟರ್ನ್ ಕಲಿಯಲು ಅಳಿವೆ ಬಾಗಿಲಿಗಿಂತ ಒಳ್ಳೆಯ ಶಾಲೆ ಇಲ್ಲ. ನೇತ್ರಾವತಿ, ಫಲ್ಗುಣಿ ಕಡಲು ಸೇರುವ ಬೆಂಗ್ರೆ, ಶಾಂಭವಿ, ನಂದಿನಿ ಸೇರುವ ಸಸಿಹಿತ್ಲು, ಸೀತಾ, ಸುವರ್ಣಾ ಸೇರುವ ಕೋಡಿ ಬೆಂಗ್ರೆ. ನೀರು ಇಳಿದಾಗ ಮರಳದಿಬ್ಬ ಎದ್ದು ನಿಲ್ಲುತ್ತದೆ, ಟರ್ನ್‌ಗಳು ಅಲ್ಲಿ ಸಾಲಾಗಿ ಗಾಳಿಗೆ ಮುಖ ಮಾಡಿ ಕೂರುತ್ತವೆ. ಹಾರುವಾಗ ಅರ್ಧ ಸೆಕೆಂಡು ಸಿಗುವ ಹಕ್ಕಿ ಇಲ್ಲಿ ಅರ್ಧ ಗಂಟೆ ಸಿಗುತ್ತದೆ. ದಿಬ್ಬದ ಮೇಲೆ ಓಡಿ ಎಬ್ಬಿಸಿ ಫೋಟೋ ತೆಗೆಯುವವರು ಇದ್ದಾರೆ. ದಯವಿಟ್ಟು ಬೇಡ. ಸಾವಿರಗಟ್ಟಲೆ ಕಿಲೋಮೀಟರ್ ಹಾರಿ ಸುಸ್ತಾಗಿ ಕೂತದ್ದು ಅದು.

ನಿಜವಾದ ನಡುಕಡಲ ಹಕ್ಕಿ ಬೇಕಾದರೆ ಬೋಟೇ ಗತಿ. ನಾಲ್ಕೈದು ಜನ ಸೇರಿ ಬೋಟು ಮಾತಾಡಿ, ಲೈಫ್ ಜಾಕೆಟ್ ಹಾಕಿ, ಹವಾಮಾನ ನೋಡಿಕೊಂಡು ಹೋಗುವುದು. ನಾನು ಮೊದಲ ಬಾರಿ ಮಲ್ಪೆಯಿಂದ ಹೋದಾಗ ಬೆಳಿಗ್ಗೆ ಹೊಟ್ಟೆ ತುಂಬಾ ಬನ್ಸ್ ತಿಂದಿದ್ದೆ. ಅಳಿವೆ ದಾಟಿ ಒಂದು ಗಂಟೆಯಲ್ಲಿ ಅದು ಕಡಲಿಗೆ ಅರ್ಪಣೆಯಾಯಿತು. ಬೋಟು ನಡೆಸುವ ತಂಡೇಲರು ನಗಲಿಲ್ಲ, ಒಂದು ತುಂಡು ಶುಂಠಿ ಕೊಟ್ಟು, "ದೂರ ನೋಡಿ, ಕೆಳಗೆ ನೋಡ್ಬೇಡಿ" ಅಂದರು. ಆಮೇಲೆ ಕೈ ತೋರಿಸಿ, "ಅಲ್ಲಿ ಹಕ್ಕಿ ಬಿದ್ದಿದೆ, ಅಡಿಯಲ್ಲಿ ಮೀನು ಉಂಟು" ಅಂತ ಬೋಟು ತಿರುಗಿಸಿದರು. ಕೇದರದಂಥ ದೊಡ್ಡ ಮೀನು ಕೆಳಗಿನಿಂದ ಅಟ್ಟಿದಾಗ ಸಣ್ಣ ಮೀನು ಮೇಲೆ ಬರುತ್ತದೆ, ಮೇಲೆ ಹಕ್ಕಿ ಕಾದಿರುತ್ತದೆ. ನನಗೆ ಸ್ಕೋಪಿನಲ್ಲೂ ಕಾಣದ ಗುಂಪು ಅವರಿಗೆ ಬರಿಗಣ್ಣಿಗೆ ಕಂಡಿತ್ತು. ಪೆಟ್ರೆಲ್ ಅಂಟಾರ್ಕ್ಟಿಕಾದಿಂದ ಬಂದದ್ದು ಅಂದಾಗ ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿ, "ಇಷ್ಟು ಸಣ್ಣದಾ?" ಅಂತ ಕೇಳಿದರು.

ಒಂದು ವಿಷಯ ಹೇಳದಿದ್ದರೆ ಆಗದು. ಜೂನಿನಿಂದ ಸೆಪ್ಟೆಂಬರಿನವರೆಗೆ, ಆಮೇಲೆ ಚಂಡಮಾರುತ ಬಂದಾಗಲೂ, ಗಾಳಿಗೆ ಸೋತ ಹಕ್ಕಿಗಳು ದಡಕ್ಕೆ ಬೀಳುತ್ತವೆ. ಸೂಟಿ ಟರ್ನ್, ನಾಡ್ಡಿ, ಬೂಬಿ, ಕೆಲವೊಮ್ಮೆ ಫ್ರಿಗೇಟ್ ಹಕ್ಕಿ. ಲಕ್ಷದ್ವೀಪದ ಪಿಟ್ಟಿ ದ್ವೀಪದಲ್ಲಿ ಸೂಟಿ ಟರ್ನ್, ನಾಡ್ಡಿ ಮರಿ ಮಾಡುತ್ತವೆ. ತೋಟದಲ್ಲಿ, ರಸ್ತೆ ಬದಿಯಲ್ಲಿ ಇಂಥ ಹಕ್ಕಿ ಸಿಕ್ಕಿದರೆ ಪ್ರೀತಿಯಿಂದ ಎತ್ತಿ ಮತ್ತೆ ಕಡಲಿಗೆ ಎಸೆಯುವವರಿದ್ದಾರೆ. ಅದು ಅದನ್ನು ಕೊಂದ ಹಾಗೆ. ಫ್ರಿಗೇಟ್ ಹಕ್ಕಿಯ ಗರಿಗೆ ನೀರು ತಡೆಯುವ ಎಣ್ಣೆ ಕಡಿಮೆ, ನೆನೆದರೆ ಏಳಲು ಕಷ್ಟ. ಉಳಿದವಕ್ಕೆ ಹಾರುವ ಶಕ್ತಿ ಇದ್ದಿದ್ದರೆ ಅವು ದಡಕ್ಕೆ ಬೀಳುತ್ತಲೇ ಇರಲಿಲ್ಲ. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಒಳಗೆ ಬಟ್ಟೆ ಹಾಸಿ, ಕತ್ತಲೆಯಲ್ಲಿ, ಸದ್ದಿಲ್ಲದ ಕಡೆ ಇಡಿ. ಹಾಲು, ಅನ್ನ ಬಾಯಿಗೆ ತುರುಕಬೇಡಿ. ಅರಣ್ಯ ಇಲಾಖೆಗೆ ಫೋನ್ ಮಾಡಿ. ಬೂಬಿಯ ಕೊಕ್ಕು ಚೂರಿಯ ಹಾಗೆ, ಮುಖ ಹತ್ತಿರ ಒಯ್ಯಬೇಡಿ.

ಅಕ್ಟೋಬರ್ ಕೊನೆಗೆ ಗಲ್ ಹಕ್ಕಿಗಳು ಬರಲು ಶುರು. ಲಡಾಖ್, ಟಿಬೆಟಿನ ಕೆರೆಗಳಿಂದ ಕಂದುತಲೆಯವು, ಇನ್ನೂ ಉತ್ತರದಿಂದ ಕರಿತಲೆಯವು. ಇಲ್ಲಿಗೆ ಬರುವಾಗ ಎರಡಕ್ಕೂ ತಲೆ ಬಿಳಿಯೇ, ಕಿವಿಯ ಹತ್ತಿರ ಒಂದು ಕಪ್ಪು ಬೊಟ್ಟು ಮಾತ್ರ ಉಳಿದಿರುತ್ತದೆ. ಹಾಗಾಗಿ ತಲೆ ಬಿಟ್ಟು ರೆಕ್ಕೆ ನೋಡಿ. ಕಪ್ಪು ರೆಕ್ಕೆತುದಿಯ ಒಳಗೆ ಬಿಳಿ ಕಿಟಕಿ ಇದ್ದು, ಕಣ್ಣು ಬೆಳ್ಳಗಿದ್ದರೆ ಕಂದುತಲೆ. ರೆಕ್ಕೆಯ ಮುಂದಿನ ಅಂಚಿಗೆ ಉದ್ದಕ್ಕೆ ಬಿಳಿ ಪಟ್ಟಿ ಬಳಿದ ಹಾಗಿದ್ದು, ಕಣ್ಣು ಕಪ್ಪಾಗಿದ್ದರೆ ಕರಿತಲೆ. ಇವಕ್ಕೆ ಸ್ಕೋಪೂ ಬೇಡ, ಬೋಟೂ ಬೇಡ. ನವೆಂಬರಿನಲ್ಲಿ ಮಲ್ಪೆ ದಕ್ಕೆಗೆ ಹೋಗಿ ಮೀನು ಇಳಿಸುವಲ್ಲಿ ನಿಂತರೆ ಗರುಡಗಳ ನಡುವೆ ತಲೆಯ ಮೇಲೇ ಸುತ್ತುತ್ತಿರುತ್ತವೆ. ಟೋಪಿ ಹಾಕಿಕೊಂಡು ಹೋಗಿ.